ಎಸ್ ಗಾಡಿ, ಎನ್ ಗಾಡಿ ಮತ್ತು ವಾರಿಜಕ್ಕನ ಶಪಥ

"ಈ ವರ್ಷವೂ ಮಾಥೇರಾನಿಗೆ ಹೋದರೆ ನನ್ನ ಹೆಸರು ವಾರಿಜಾ ಅಲ್ಲ!"

ಅಂಧೇರಿಯ ಆ ಬಿಲ್ಡಿಂಗಿನ ಮೂರನೇ ಮಹಡಿಯ ಅಡುಗೆಮನೆಯಿಂದ ಈ ಘನಘೋರ ಪ್ರತಿಜ್ಞೆ ಹೊರಬಿದ್ದಾಗ ಕುಕ್ಕರಿನ ಸೀಟಿ ಕೂಡ ಹೆದರಿ ಅರ್ಧಕ್ಕೇ ನಿಂತಿತು! ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಗಂಡ ಕೊರಗಣ್ಣ ಮಾತ್ರ ನಿಧಾನಕ್ಕೆ ಪುಟ ಮಗುಚಿದರು. ಫೋರ್ಟ್ ಏರಿಯಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ಮ್ಯಾನೇಜರಾಗಿದ್ದು ರಿಟೈರ್ ಆದವರು ಅವರು. ಮಧ್ಯಾಹ್ನದ ರಶ್ಶಿನಲ್ಲಿ ನಲವತ್ತು ಜನ ಒಟ್ಟಿಗೆ "ಸಾಂಬಾರ್! ಸಾಂಬಾರ್!" ಎಂದು ಕೂಗಿದಾಗಲೂ ಮಿಸುಕದ ಮನುಷ್ಯ, ಒಬ್ಬ ಹೆಂಡತಿ ಕೂಗಿದ್ದಕ್ಕೆ ಮಿಸುಕುತ್ತಾರೆಯೇ?

"ಮಾಥೇರಾನಿಗೆ ಎಂಥ ಆಯಿತು ಮಾರಾಯ್ತಿ?"

"ಮಾಥೇರಾನಿಗೆ ಎಂಥದೂ ಆಗಲಿಲ್ಲ, ನನಗೆ ಆಗಿದೆ! ಇಪ್ಪತ್ತಾರು ವರ್ಷ! ಅದೇ ಗುಡ್ಡ, ಅದೇ ಲಾಡ್ಜು, ಅದೇ ನಾಲ್ಕನೇ ನಂಬರಿನ ರೂಮು, ಅದೇ ಕಲ್ಲುಬೆಂಚು. ನನ್ನ ಚಕ್ಕುಲಿ ಯಾವ ಚೀಲದಲ್ಲಿ ಉಂಟೂಂತ ಅಲ್ಲಿಯ ಮಂಗಗಳಿಗೂ ಗೊತ್ತು! ಆ ಮಂಗಗಳ ಮೊಮ್ಮಕ್ಕಳಿಗೂ ಗೊತ್ತು!"

"ಗೊತ್ತಿದ್ದರೆ ಒಳ್ಳೆಯದಲ್ಲವಾ? ಹುಡುಕುವ ಕಷ್ಟ ಇಲ್ಲ."

"ನೋಡಿ, ಫೆಬ್ರವರಿಯಲ್ಲಿ ನನ್ನ ಮೊಣಕಾಲಿನ ಆಪರೇಶನ್. ಅದಕ್ಕಿಂತ ಮೊದಲು ನನ್ನ ಸ್ವಂತ ಕಾಲಿನಲ್ಲಿ ನಡೆದು ಒಂದು ಹೊಸ ಊರು ನೋಡಬೇಕು. ನಮ್ಮನ್ನು ಒಂದು ನರಪಿಳ್ಳೆಯೂ ಗುರುತಿಸಬಾರದು. ಹಾಗಿರುವ ಊರು!"

ಇಷ್ಟು ಹೊತ್ತಿಗೆ ಸೋಫಾದ ಮೇಲೆ ಮೊಬೈಲಿನೊಳಗೆ ಮುಳುಗಿದ್ದ ಮೊಮ್ಮಗಳು ಶ್ರೇಯಾ ಛಂಗನೆ ಎದ್ದು ನಿಂತಳು. ಮಗಳ ಮಗಳು, ವಿಲೆ ಪಾರ್ಲೆಯಲ್ಲಿ ಮನೆ, ಅಲ್ಲೇ ಕಾಲೇಜು. ಅವಳ ಬಾಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ಲೋಕಲ್ ಟ್ರೇನಿನಲ್ಲಿ ಒತ್ತೊತ್ತಾಗಿ ನಿಂತು ಪ್ರಯಾಣ ಮಾಡುತ್ತವೆ!

"ಅಜ್ಜಿ! ಐ ಆಮ್ ಸೋ ಪ್ರೌಡ್! ಪೂರಾ ಪ್ಲಾನ್ ನಂದು! ಭಂಡಾರದರಾ! ಲೇಕ್ ಉಂಟು, ಡ್ಯಾಮ್ ಉಂಟು, ಏಕ್‌ದಮ್ ಶಾಂತಿ! ಘಾಟ್‌ಕೋಪರ್‌ನಿಂದ ಕಸಾರಾ ಲೋಕಲ್. ಕಸಾರಾದಲ್ಲಿ ಹೋಮ್‌ಸ್ಟೇಯವರ ಜೀಪ್ ಬರ್ತದೆ. ಬಟ್ ದಿನಕ್ಕೆ ಒಂದೇ ಜೀಪ್, ಹತ್ತೂವರೆಗೆ. ಮಿಸ್ ಆದ್ರೆ ಖತಮ್!"

"ಕಸಾರಾ ಗಾಡಿ ಅಂದರೆ ಅದು..." ಎಂದು ಕೊರಗಣ್ಣ ಬಾಯಿ ತೆರೆದರು.

"ನಿಲ್ಲಿಸಿ!" ವಾರಿಜಕ್ಕ ಸೌಟು ಎತ್ತಿದರು. "ನೀವು ಬಾಯಿ ತೆರೆದರೆ ಎಲ್ಲ ಹಾಳು. ಪ್ರತಿ ಸ್ಟೇಷನ್ ಬಂದಾಗಲೂ 'ಮಾಥೇರಾನಿನಲ್ಲಿ ಹೀಗಿಲ್ಲ' ಅಂತ ಶುರು ಮಾಡ್ತೀರಿ. ಈ ಸಲ ಕರೆದುಕೊಂಡು ಹೋಗುವವಳು ನಾನು. ಮನೆ ಬಿಟ್ಟಲ್ಲಿಂದ ಹೊಸ ಊರಿಗೆ ಕಾಲಿಡುವ ತನಕ ನೀವು ತುಟಿ ಬಿಚ್ಚಬಾರದು. ನಾನು ಅಲ್ಲಿಗೆ ಮುಟ್ಟಿಸದಿದ್ದರೆ, ನಾನು ಸಾಯುವ ತನಕ ಪ್ರತಿ ಡಿಸೆಂಬರ್ ಮಾಥೇರಾನ್. ಒಂದು ಪಿಟಕ್ ಅನ್ನುವುದಿಲ್ಲ. ಆಗಬಹುದಾ?"

ಕೊರಗಣ್ಣ ಪೇಪರ್ ಮಡಚಿಟ್ಟರು. "ಆಗಬಹುದು."

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಮನೆಗೆ ಬೀಗ ಹಾಕುವ ಹೊತ್ತಿಗೆ ಬಿಲ್ಡಿಂಗಿನ ನಾಲ್ಕು ಮಹಡಿಗೂ ವಿಷಯ ಮುಟ್ಟಿತ್ತು. "ಮಾಥೇರಾನಾ? ಛೆ ಛೆ, ಅದೆಲ್ಲ ಹಳೆಯದಾಯಿತು. ನಾವು ಈಗ ಭಂಡಾರದರಾ!" ಎಂದು ವಾರಿಜಕ್ಕ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದರು. ಕೊರಗಣ್ಣ ಕೀಲಿಕೈ ತಿರುಗಿಸಿ, "ಬೀಗ ಬಿತ್ತು" ಅಂದರು. ಅದೇ ಕೊನೆ. ಬಾಗಿಲಿಗೂ ಬಿತ್ತು, ಬಾಯಿಗೂ ಬಿತ್ತು!

ಮೆಟ್ರೋದಲ್ಲಿ ಘಾಟ್‌ಕೋಪರ್ ತನಕ ಎಲ್ಲ ಸುಸೂತ್ರ. ಅಲ್ಲಿ ಲೋಕಲ್ಲಿನ ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ಗಾಡಿಗಳ ಇಂಡಿಕೇಟರ್ ಬೋರ್ಡು ಎದುರಾಯಿತು. ಇಪ್ಪತ್ತಾರು ವರ್ಷವೂ ಸೆಂಟ್ರಲ್ ಲೈನಿನ ಗಾಡಿಯನ್ನೇ ಹತ್ತಿದ್ದು ನಿಜ. ಆದರೆ ಇಂಡಿಕೇಟರ್ ನೋಡುವುದು ಗಂಡನ ಡಿಪಾರ್ಟ್‌ಮೆಂಟು, ಬ್ಯಾಗು ನೋಡುವುದು ಇವರದು. ಈಗ ನೋಡಿದರೆ ಒಂದು ಗಾಡಿಗೆ ದೊಡ್ಡದಾಗಿ 'ಎಸ್', ಅದರ ಹಿಂದಿನದಕ್ಕೆ 'ಎನ್'. ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಓಡುತ್ತಿತ್ತು, ಕನ್ನಡಕ ಚಕ್ಕುಲಿ ಡಬ್ಬಿಯ ಅಡಿಯಲ್ಲಿತ್ತು. ಸ್ಪೀಕರಿನಲ್ಲಿ ಅನೌನ್ಸ್‌ಮೆಂಟ್ ಆಗುತ್ತಿತ್ತು, ಆದರೆ ಬೆನ್ನಿಗೆ ಗುಡ್ಡದಷ್ಟು ಚೀಲ ಹೊತ್ತ ಟ್ರೆಕ್ಕಿಂಗ್ ಗುಂಪೊಂದು ಪಕ್ಕದಲ್ಲೇ ಡೋಲಕ್ ಬಡಿಯುತ್ತಿತ್ತು. ವಾರಿಜಕ್ಕ ಒಂದು ಕಿವಿಗೆ ಬೆರಳು, ಇನ್ನೊಂದಕ್ಕೆ ಫೋನು ಹಿಡಿದರು.

"ಶ್ರೇಯಾ! ಎಸ್ ಅಂತ ಒಂದು ಗಾಡಿ ಉಂಟು, ಎನ್ ಅಂತ ಒಂದು ಉಂಟು! ಕಸಾರಾದ್ದು ಯಾವುದು?"

"ವೇಟ್ ಅಜ್ಜಿ, ಲಾಜಿಕ್ ಹಾಕ್ತೇನೆ! ಎನ್ ಅಂದ್ರೆ... ನೇರಳ್! ಮಾಥೇರಾನ್‌ಗೆ ಇಳೀತೀರಲ್ಲ, ಆ ಸ್ಟೇಷನ್! ಎನ್‌ಗೆ ಟಚ್ ಕೂಡ ಮಾಡ್ಬೇಡಿ!"

"ಅಯ್ಯಬ್ಬ! ಮತ್ತೆ ಎಸ್?"

"ಕಸಾರಾದಲ್ಲಿ ಬೀಚ್ ಮೇ, ಮಧ್ಯದಲ್ಲಿ, ಎಸ್ ಉಂಟಲ್ಲ! ಕೆ ಹಾಕಿದ್ರೆ ಕಲ್ಯಾಣ್ ಜೊತೆ ಕನ್‌ಫ್ಯೂಸ್ ಆಗ್ತದೆ, ಅದಕ್ಕೇ ಎಸ್! ಸೋ ಸಿಂಪಲ್!"

ಎಂಥ ತಲೆ! ಸುಮ್ಮನೆ ಅಲ್ಲ ಮಗಳು ಅವಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದು! ವಾರಿಜಕ್ಕ ಹೆಮ್ಮೆಯಿಂದ ತಿರುಗಿ ನೋಡಿದರೆ, ಕೊರಗಣ್ಣ ಪ್ಲಾಟ್‌ಫಾರ್ಮಿನ ಕಂಬವನ್ನು ತಬ್ಬಿ ನಿಂತಿದ್ದರು. ಎಸ್ ಗಾಡಿ ಬಂದು ನಿಂತಾಗ ಒಂದು ಕೈ ಬಿಡಿಸಿ ಗಾಳಿಯಲ್ಲಿ ಅಂಕುಡೊಂಕಾಗಿ ಬೆರಳು ಆಡಿಸಿದರು. ಮೇಲಿಂದ ಕೆಳಗೆ, ಬಳುಕಿ ಬಳುಕಿ. ಮತ್ತೆ ಜೋರಾಗಿ ತಲೆ ಅಲ್ಲಾಡಿಸಿದರು.

"ಎಂಥ ಅದು? ಹಾವಾ? ಭಂಡಾರದರಾದಲ್ಲಿ ಹಾವು ಉಂಟೂಂತ ಹೆದರಿಸುವುದಾ? ಮಾಥೇರಾನಿನಲ್ಲಿ ನಮ್ಮ ಬಾತ್‌ರೂಮಿನಲ್ಲೇ ಇತ್ತು! ಹತ್ತಿ!"

ಕಂಬದಿಂದ ಗಂಡನನ್ನು ಕಿತ್ತು, ಬ್ಯಾಗಿನ ಸಮೇತ ಒಳಗೆ ತಳ್ಳಿ, ಹಾರಿ ಕಿಟಕಿಯ ಸೀಟು ಹಿಡಿದ ಆ ಪರಾಕ್ರಮವನ್ನು ನೋಡಿದ್ದರೆ ಮೊಣಕಾಲಿನ ಡಾಕ್ಟರು ಆಪರೇಶನ್ನನ್ನೇ ಕ್ಯಾನ್ಸಲ್ ಮಾಡುತ್ತಿದ್ದರು! ಡೋಲಕ್ಕಿನ ಗುಂಪೂ ಅದೇ ಡಬ್ಬಿಗೆ ನುಗ್ಗಿತು. ಇನ್ನು ಅನೌನ್ಸ್‌ಮೆಂಟ್ ಕೇಳುವ ಮಾತೇ ಇಲ್ಲ.

ಠಾಣೆ ದಾಟುತ್ತಲೇ ಕೊರಗಣ್ಣ ಮೊಬೈಲ್ ತೆಗೆದರು. ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಬೆರಳಿನಿಂದ, ಇಡ್ಲಿ ಬೆಂದಿದೆಯೋ ಎಂದು ಒತ್ತಿ ನೋಡುವ ಹಾಗೆ ಒತ್ತಿ, 'S' ಎಂದು ಬರೆದರು. ಮುಂದಿನ ಅಕ್ಷರ ಹುಡುಕುವಾಗ ಬೆರಳು ತಪ್ಪಿ ಅಷ್ಟೇ ಹೋಯಿತು. ಹೋದದ್ದೇ ತಡ, ಗಾಡಿ ಸುರಂಗದೊಳಗೆ ಹೊಕ್ಕಿತು. ನೆಟ್‌ವರ್ಕ್ ಇಲ್ಲ! ಹೊರಗೆ ಬಂದಾಗ ಶ್ರೇಯಾಳ ಉತ್ತರ ಬಂದು ಕೂತಿತ್ತು. ಈಗಿನ ಮಕ್ಕಳಿಗೆ 'ಯೆಸ್' ಅನ್ನಲು ಮೂರು ಅಕ್ಷರ ಒತ್ತುವಷ್ಟು ಪುರುಸೊತ್ತಿಲ್ಲ, ಒಂದು ಎಸ್ ಒತ್ತಿದರೆ ಮುಗಿಯಿತು. ಅವಳು ಹಾಗೇ ಓದಿಕೊಂಡಿದ್ದಳು.

'ಓಮೈಗಾಡ್!! ಅಜ್ಜ ಯೆಸ್ ಅಂದ್ರು!! ಫೈನಲಿ!!' ಎಂದು ಬರೆದು ಹನ್ನೆರಡು ಹೃದಯ ಹಾಕಿದ್ದಳು.

ವಾರಿಜಕ್ಕ ಅದನ್ನು ನೋಡಿ ಕರಗಿದರೂ ನಿಯಮ ಬಿಡಲಿಲ್ಲ. "ಖುಷಿಯಾದರೆ ಮನಸ್ಸಿನಲ್ಲೇ ಆಗಿ. ಬರೆಯುವುದೂ ಮಾತಾಡಿದ ಹಾಗೇ!" ಎಂದು ಮೊಬೈಲನ್ನು ಕಿತ್ತು ತಮ್ಮ ಪರ್ಸಿನೊಳಗೆ ಹಾಕಿ ಜಿಪ್ ಎಳೆದರು. ಕೊರಗಣ್ಣ ಡಬ್ಬಿಯ ಫ್ಯಾನನ್ನು ನೋಡುತ್ತಾ ಕೂತರು. ಬೆಳಗಿನ ನಾಲ್ಕಕ್ಕೇ ಎದ್ದು ಪುಳಿಯೋಗರೆ ಕಟ್ಟಿದ ವಾರಿಜಕ್ಕನಿಗೆ ಡೊಂಬಿವಲಿ ದಾಟುವಷ್ಟರಲ್ಲಿ ನಿದ್ದೆ ಹತ್ತಿತು. ಎಂಥ ನಿದ್ದೆ! ಕನಸಿನಲ್ಲಿ ಸರೋವರ, ಸರೋವರದ ದಡದಲ್ಲಿ ಅವರು. ಯಾರೂ ಗುರುತಿಸುತ್ತಿಲ್ಲ!

"ಅರೆ ಕಾಕೀ! ಈ ವರ್ಷ ಲೇಟ್ ಆಯಿತಲ್ಲ!"

ಕಣ್ಣು ಬಿಟ್ಟರೆ ಕಿಟಕಿಯ ಹೊರಗೆ ಚಹಾ ಕೆಟಲ್ ಹಿಡಿದ ಪರಿಚಯದ ಮೀಸೆ. ಮೀಸೆಯ ಹಿಂದೆ ಹಳದಿ ಬೋರ್ಡು. ಬೋರ್ಡಿನ ಮೇಲೆ ನೇರಳ್! ಹೆಸರಿಗೆ ತಕ್ಕ ಹಾಗೆ ವಾರಿಜಕ್ಕನ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕೊರಗಣ್ಣ ಆಗಲೇ ಬ್ಯಾಗು ಇಳಿಸಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು.

"ಎಸ್ ಗಾಡಿ ಇಲ್ಲಿಗೆ ಯಾಕೆ ಬಂತು? ಹ್ಞಾಂ? ನಿಮಗೆ ಗೊತ್ತಿತ್ತಾ?"

ಕೊರಗಣ್ಣ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ವಾರಿಜಕ್ಕ ಚಕ್ಕುಲಿ ಡಬ್ಬಿಯಡಿಯಿಂದ ಕನ್ನಡಕ ಎಳೆದು ಓದಿದರು. ಗಂಡನದೇ ದುಂಡು ಅಕ್ಷರ. 'ಕಸಾರಾ: ಎನ್, 8.12. ಕರ್ಜತ್: ಎಸ್, ನೇರಳ್ ದಾರಿಯಾಗಿ ಹೋಗುತ್ತದೆ, ಹತ್ತಬಾರದು. ದುರ್ಬೀನು ಮರೆಯಬಾರದು.'

ದುರ್ಬೀನು? ಹೌದು, ಅವರ ಕುತ್ತಿಗೆಯಲ್ಲಿ ಹೊಚ್ಚಹೊಸ ದುರ್ಬೀನು ನೇತಾಡುತ್ತಿತ್ತು! ಬೆಳಗಿನಿಂದ ನೇತಾಡುತ್ತಿತ್ತು! ಕಲ್ಲುಬೆಂಚಿನ ಮೇಲೆ ಕೂತು ಪೇಪರ್ ಓದುವವರಿಗೆ ದುರ್ಬೀನು ಯಾಕೆ? ವಾರಿಜಕ್ಕನ ಎದೆಯಲ್ಲಿ ಏನೋ ಚುಳ್ ಎಂದಿತು. ಆದರೆ ಚುಳ್ ಅನ್ನುವುದಕ್ಕೆ ಇದು ಹೊತ್ತಲ್ಲ.

"ಇಷ್ಟು ಗೊತ್ತಿದ್ದವರು ಹೇಳುವುದಕ್ಕೇನಾಗಿತ್ತು?"

ಕೊರಗಣ್ಣ ಸದ್ದಿಲ್ಲದೆ ತಮ್ಮ ತುಟಿಯ ಮೇಲೆ ಬೆರಳಿಟ್ಟರು.

ಕಲ್ಯಾಣಕ್ಕೆ ವಾಪಸು ಹೋಗಿ ಕಸಾರಾ ಗಾಡಿ ಹಿಡಿಯುವಷ್ಟರಲ್ಲಿ ಹತ್ತೂವರೆಯ ಜೀಪು ಖತಮ್. ಮನೆಗೆ ಹೋಗುವ ಹಾಗಿಲ್ಲ, ನಾಲ್ಕು ಮಹಡಿ ಕಾಯುತ್ತಿದೆ! ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಸೋಲುತ್ತಿದ್ದರು. ವಾರಿಜಕ್ಕ ಸೆರಗು ಸಿಕ್ಕಿಸಿದರು.

"ಆಯ್ತು. ಮಾಥೇರಾನ್ ಅಂದರೆ ಮಾಥೇರಾನ್. ಆದರೆ ಆ ಲಾಡ್ಜಿಗೆ ಸತ್ತರೂ ಇಲ್ಲ! ಹೊಸ ಲಾಡ್ಜು! ನಮ್ಮ ಗುರುತೇ ಇಲ್ಲದ ಲಾಡ್ಜು! ಮತ್ತೆ, ಮಾಥೇರಾನಿಗೆ ಹೋದರೆ ನನ್ನ ಹೆಸರು ವಾರಿಜಾ ಅಲ್ಲ ಅಂದಿದ್ದೆ. ಆಡಿದ ಮಾತು ಆಡಿದ ಮಾತೇ. ಇವತ್ತಿಂದ ನಾನು ಶೀಲಾವತಿ!"

ಟ್ಯಾಕ್ಸಿಯಲ್ಲಿ ಘಟ್ಟ ಹತ್ತಿದರು, ಹೊರಗಿನ ಗಾಡಿಗಳನ್ನು ತಡೆಯುವಲ್ಲಿಂದ ಕೆಂಪು ಧೂಳಿನಲ್ಲಿ ಇ-ರಿಕ್ಷಾದಲ್ಲಿ ಕುಲುಕಿದರು. ಹಳೆಯ ಲಾಡ್ಜಿನ ಮುಂದೆ ಹಾದು ಹೋಗುವಾಗ ಸೆರಗನ್ನು ಮೂಗಿನ ತನಕ ಎಳೆದುಕೊಂಡರು. ಮನುಷ್ಯರು ಯಾರೂ ಗುರುತಿಸಲಿಲ್ಲ. ಮಂಗಗಳು ಗುರುತಿಸಿದವು! ಚಕ್ಕುಲಿ ಚೀಲದ ಹಿಂದೆ ಏಳು ಮಂಗಗಳ ಮೆರವಣಿಗೆ ಹೊಸ ಲಾಡ್ಜಿನ ಗೇಟಿನ ತನಕ ಬಂತು.

ಹೋದ ತಿಂಗಳಷ್ಟೇ ತೆರೆದ ಲಾಡ್ಜು. ಕೌಂಟರಿನ ಹಿಂದೆ ಗಂಟುಮುಖದ, ನರೆತ ಮೀಸೆಯ ಒಬ್ಬ ಮನುಷ್ಯ. ವಾರಿಜಕ್ಕ ರಿಜಿಸ್ಟರ್ ಎಳೆದುಕೊಂಡು ಝಮ್ಮನೆ ಬರೆದರು: ಕೊರಗ ಮತ್ತು ಶೀಲಾವತಿ. ಆ ಮನುಷ್ಯ ಹಿಂದಿಯಲ್ಲಿ ಇಬ್ಬರ ಆಧಾರ್ ಕಾರ್ಡೂ ಕೇಳಿದ. ಕೊಟ್ಟರು. ಅವನು ಕಾರ್ಡು ನೋಡಿದ, ರಿಜಿಸ್ಟರ್ ನೋಡಿದ, ಮತ್ತೆ ಕಾರ್ಡು ನೋಡಿದ.

"ಈ ಮುಖ ನೋಡಿ, ಕಾಯಿಮೆಣಸು ಅಗಿದವರ ಹಾಗೆ!" ಎಂದು ವಾರಿಜಕ್ಕ ಗಂಡನಿಗೆ ಗೊಣಗಿದರು.

"ಮುಖ ಹುಟ್ಟಿದಾಗಿಂದ ಹಿಂಗೇ ಐತ್ರಿ ಯವ್ವಾ," ಅಂದ ಆ ಮನುಷ್ಯ. "ನಾ ಕಾಶಪ್ಪ, ಯಾದಗಿರಿ ಕಡೆಯಾಂವ. ಮುಖದ ಸುದ್ದಿ ಬಿಡ್ರಿ. ಆಧಾರದಾಗ ವಾರಿಜಾ ಅಂತ ಐತಿ, ರಜಿಸ್ಟರದಾಗ ಶೀಲಾವತಿ ಅಂತ ಬರದೀರಿ. ಇಬ್ಬರೊಳಗ ನೀವು ಯಾರ್ರಿ?"

"ಅದು... ಇವತ್ತಿನ ಮಟ್ಟಿಗೆ ಶೀಲಾವತಿ."

"ದಿನಕ್ಕೊಂದು ಹೆಸರ ಏನ್ರಿ? ಫೋಟೋ ನೋಡಿದ್ರ ಇಬ್ಬರೂ ಅಲ್ಲ, ಮೂರನೇದಾಕಿ ಯಾರೋ ಇದ್ದಂಗ ಕಾಣ್ತೈತಿ!"

"ಆಧಾರ್ ಫೋಟೋ ಯಾರದ್ದು ಸರಿ ಉಂಟು ಮಾರಾಯ್ರೆ!"

ಕಾಶಪ್ಪ ಕೊರಗಣ್ಣನ ಕಡೆಗೆ ತಿರುಗಿದ. "ಹಿರಿಯಾರ, ನೀವ ಹೇಳ್ರಿ. ಈ ವಾರಿಜಾ ಅನ್ನಾಕಿ ನಿಮ್ಮ ಮನೆಯಾಕಿ ಹೌದಲ್ರಿ?"

ಕೊರಗಣ್ಣ ತುಟಿಯ ಮೇಲೆ ಬೆರಳಿಟ್ಟರು.

"ಮಾತು ಬರಂಗಿಲ್ಲೇನ್ರಿ?"

"ಬರ್ತದೆ! ಚೆನ್ನಾಗಿ ಬರ್ತದೆ! ನಾನೇ ಬಂದ್ ಮಾಡಿಸಿದ್ದೇನೆ!" ಎಂದರು ವಾರಿಜಕ್ಕ. ಅಂದ ಮೇಲೆ ಹೊಳೆಯಿತು, ಅನ್ನಬಾರದಿತ್ತು.

ಕಾಶಪ್ಪ ಕುರ್ಚಿಯನ್ನು ಎರಡು ಗೇಣು ಹಿಂದೆ ಸರಿಸಿದ. ಕಳ್ಳ ಹೆಸರಿನ ಹೆಂಗಸು, ಬಾಯಿ ಬಂದ್ ಮಾಡಿಸಿಕೊಂಡ ಮುದುಕ, ಮುದುಕನ ಕುತ್ತಿಗೆಗೆ ದುರ್ಬೀನು, ಗೇಟಿನಲ್ಲಿ ಏಳು ಮಂಗ! "ಸಾಹೇಬರಿಗೆ ಫೋನ್ ಹಚ್ತೀನ್ರಿ. ಬೇಕಾದ್ರ ಪೊಲೀಸರೂ ಬರ್ಲಿ. ನಿಮ್ಮನ್ನ ಗುರುತಿಸೋರು ಈ ಊರಾಗ ಯಾರರೆ ಅದಾರೇನ್ರಿ?"

ಇಡೀ ಜನ್ಮದಲ್ಲಿ ಯಾವ ಮಾತಿಗಾಗಿ ಆಸೆಪಟ್ಟಿದ್ದರೋ ಆ ಮಾತು ಬಂದೇ ಬಂತು: ಗುರುತಿಸುವವರಿಲ್ಲ! ಹಳೆಯ ಲಾಡ್ಜಿನವರನ್ನು ಕರೆಸಲು ಮಾನ ಬಿಡಲಿಲ್ಲ, ವಾರಿಜಕ್ಕ ಶ್ರೇಯಾಳಿಗೆ ವಿಡಿಯೋ ಕಾಲ್ ಮಾಡಿದರು. ಪರದೆಯ ಮೇಲೆ ಹಲ್ಲು ಮೊದಲು ಕಾಣಿಸಿತು, ಆಮೇಲೆ ಶ್ರೇಯಾ.

"ಅಜ್ಜೀ! ಭಂಡಾರದರಾ ಹೇಗುಂಟು? ಲೇಕ್ ತೋರಿಸಿ, ಲೇಕ್!"

"ಭಂಡಾರದರಾ?" ಕಾಶಪ್ಪನ ಹುಬ್ಬು ಹಣೆ ದಾಟಿ ಮೇಲೆ ಹೋಯಿತು. "ಹೆಸರಷ್ಟ ಅಲ್ಲ, ಊರೂ ಸುಳ್ಳ ಹೇಳಿ ಬಂದೀರೇನ್ರಿ?"

ವಾರಿಜಕ್ಕ ಫೋನ್ ಮಗುಚಿಟ್ಟರು. ಗಂಡನ ಕಡೆ ತಿರುಗಿದರು. ಸೌಟು ಹಿಡಿದ ಆ ದನಿ ಎಲ್ಲಿ ಹೋಯಿತೋ!

"ಬಾಯಿ ಬಿಡಿ ಮಾರಾಯ್ರೆ. ನಾನು ಸೋತೆ. ಪ್ರತಿ ವರ್ಷ ಮಾಥೇರಾನ್, ಅದೇ ಬೆಂಚು, ಅದೇ ಮಂಗ. ಒಂದು ಪಿಟಕ್ ಅನ್ನುವುದಿಲ್ಲ. ನಾನು ಯಾರೂಂತ ಇವರಿಗೆ ಹೇಳಿ."

ಕೊರಗಣ್ಣ ಇಲ್ಲವೆಂದು ತಲೆ ಅಲ್ಲಾಡಿಸಿದರು! ಬೆರಳೆತ್ತಿ ಗಾಳಿಯಲ್ಲಿ ಬರೆದರು. ಕೆಳಗಿಂದ ನೆಟ್ಟಗೆ ಮೇಲಕ್ಕೆ, ಅಲ್ಲಿಂದ ಓರೆಯಾಗಿ ಕೆಳಕ್ಕೆ, ಮತ್ತೆ ನೆಟ್ಟಗೆ ಮೇಲಕ್ಕೆ. ಈ ಸಲ ಅದು ಯಾವ ಪ್ರಾಣಿ ಎಂದು ವಾರಿಜಕ್ಕ ಕೇಳಲಿಲ್ಲ.

"ಎನ್?" ಅವರ ಕಣ್ಣು ಅರಳಿತು. "ಮುಂದಿನ ವರ್ಷ ಎನ್ ಗಾಡಿಯಾ? ಕಸಾರಾ? ನೀವೂ ಬರ್ತೀರಾ?"

ಕೊರಗಣ್ಣ ದುರ್ಬೀನನ್ನು ಎತ್ತಿ ತೋರಿಸಿದರು.

"ಹಾಗಾದರೆ ಗಾಡಿ ನೀವೇ ಹತ್ತಿಸಬೇಕು. ಬಾಯಿ ತೆರೆದೇ ಹತ್ತಿಸಬೇಕು."

"ಗಾಡಿ ಆಮ್ಯಾಲೆ ಹತ್ರಿ!" ಕಾಶಪ್ಪನ ತಾಳ್ಮೆ ಹರಿಯಿತು. "ಈಗರೆ ಒಂದ ಮಾತ ಹೇಳ್ರಿ ಹಿರಿಯಾರ. ಈಕಿ ವಾರಿಜಾ ಹೌದೋ, ಅಲ್ಲೋ?"

ಕೊರಗಣ್ಣ ಗಂಟಲು ಸರಿ ಮಾಡಿಕೊಂಡರು. ಹೆಂಡತಿಯ ಮುಖ ನೋಡಿದರು. ಐದು ಗಂಟೆಗಳಿಂದ ಜಡಿದಿದ್ದ ಬೀಗ ತೆರೆದು, ಬೆಳಗಿನಿಂದ ಹೇಳಬೇಕೆಂದಿದ್ದ ಆ ಒಂದೇ ಒಂದು ಅಕ್ಷರವನ್ನು ಗಟ್ಟಿಯಾಗಿ ಹೇಳಿದರು:

"ಎಸ್!"