ಡಾಂಬರು ರಸ್ತೆಯಲ್ಲಿ ಹಂದರಗಂಬ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ದೊಡ್ಡ ದೊಡ್ಡ ಸಂಗತಿಗಳಿಗೆ ಸಿಟ್ಟಾಗುವ ಮಂದಿ ಇರುತ್ತಾರೆ. ದೇಶ ಹೀಗಾಯಿತು, ಜಗತ್ತು ಹಾಗಾಯಿತು ಎಂದು ಟಿವಿಯ ಮುಂದೆ ಕುಳಿತು ಹಲ್ಲು ಕಡಿಯುತ್ತಾರೆ. ನನ್ನದು ಆ ಮಟ್ಟದ ಸಿಟ್ಟಲ್ಲ. ನನ್ನ ಸಿಟ್ಟಿನ ಉದ್ದ ಅಂದಾಜು ಇನ್ನೂರು ಹೆಜ್ಜೆ. ಶಿವಪ್ಪನ ಕಿರಾಣಿ ಅಂಗಡಿಯ ಮೂಲೆಯಿಂದ ಶುರುವಾಗಿ ನೀರಿನ ಟಾಕಿಯ ಹತ್ತಿರ ಮುಗಿಯುವ ನಮ್ಮ ಓಣಿಯ ರಸ್ತೆ ಎಷ್ಟು ಉದ್ದವೋ ಅಷ್ಟು. ಅದರಾಚೆ ಏನೇ ಆಗಲಿ, ನಾನು ಬಹಳ ಶಾಂತ ಮನುಷ್ಯ. ಓಣಿಯೊಳಗೆ ಯಾರಾದರೂ ಗಟಾರಕ್ಕೆ ತೆಂಗಿನ ಚಿಪ್ಪು ಒಗೆದರೆ ಮಾತ್ರ ನನ್ನ ಕಿವಿ ಬಿಸಿಯಾಗುತ್ತದೆ. "ನಿಮ್ಮ ಬಿ.ಪಿ. ಗುಳಿಗಿ ಡಾಕ್ಟರ್ ಬರದು ಕೊಟ್ಟದ್ದಲ್ಲ, ಈ ಗಟಾರ ಬರದು ಕೊಟ್ಟದ್ದು" ಎಂದು ನನ್ನ ಹೆಂಡತಿ ಶಾರದಾ ಬಂದವರ ಮುಂದೆಲ್ಲ ಹೇಳುತ್ತಾಳೆ.

ನಾನು ಡ್ರಾಯಿಂಗ್ ಮಾಸ್ತರ. ಸುರೇಬಾನದಲ್ಲಿ, ಕಟಕೋಳದಲ್ಲಿ, ಕಡೆಗೆ ಬೈಲಹೊಂಗಲದಲ್ಲಿ ಮಕ್ಕಳಿಗೆ ಮಾವಿನಕಾಯಿ, ಕೊಡಪಾನ, ಎರಡು ಗುಡ್ಡಗಳ ನಡುವಿನ ಸೂರ್ಯೋದಯ ಬಿಡಿಸುವುದನ್ನು ಕಲಿಸಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲೆಯವರು ಶಾಲು ಹೊದಿಸಿದರು. ಶಾಲಿನ ಜೊತೆಗೆ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕರಿಹಲಗೆಯನ್ನೂ ಕೇಳಿ ಪಡೆದು ಆಟೋದಲ್ಲಿ ಹಾಕಿಕೊಂಡು ಬಂದೆ. ಅದನ್ನು ಶಿವಪ್ಪನ ಅಂಗಡಿಯ ಗೋಡೆಗೆ ತೂಗುಹಾಕಿ ದಿನಾ ಬೆಳಿಗ್ಗೆ 'ಓಣಿ ವಾರ್ತೆ' ಬರೆಯತೊಡಗಿದೆ. ನಾಳೆ ನೀರು ಬಿಡುವರು. ಗಟಾರದ ಬಳಿ ಸಿಕ್ಕ ಎಡಗಾಲಿನ ಚಪ್ಪಲಿ ಅಂಗಡಿಯಲ್ಲಿದೆ, ಬಲಗಾಲಿನದನ್ನು ತೋರಿಸಿ ಒಯ್ಯಬಹುದು. ಆರನೇ ಮನೆಯವರ ಎಮ್ಮೆ ಈದಿದೆ, ಗಿಣ್ಣದ ಹಾಲು ಬೇಕಾದವರು ಬೆಳಗಾಗುವುದರೊಳಗೆ ಹೋಗತಕ್ಕದ್ದು. ಹೀಗೆ ಮೇಲೆ ವಾರ್ತೆ, ಕೆಳಗೆ ದೂರು, ಅದರ ಕೆಳಗೆ ನನ್ನ ಸಹಿ. ದಿನ ಹೋದಂತೆ ವಾರ್ತೆ ಕಡಿಮೆಯಾಗಿ ದೂರು ಜಾಸ್ತಿಯಾಯಿತು ಎಂಬುದು ಶಿವಪ್ಪನ ಅಭಿಪ್ರಾಯ. ಆದರೂ ಹಲಗೆ ತೆಗೆಯಿರಿ ಎಂದು ಅವನು ಯಾವತ್ತೂ ಅನ್ನಲಿಲ್ಲ. "ಇರ್ಲಿ ಬಿಡ್ರಿ ಮಾಸ್ತರ, ಓದಾಕ ಬಂದವರು ಅರ್ಧಾ ಕಿಲೋ ಬೆಲ್ಲಾನಾದ್ರೂ ಒಯ್ತಾರ" ಎನ್ನುತ್ತಿದ್ದ.

ನಮ್ಮ ಓಣಿಗೆ ಬಹಳ ವರ್ಷ ರಸ್ತೆಯೇ ಇರಲಿಲ್ಲ. ಹೊಲ ಒಡೆದು ಮಾಡಿದ ಪ್ಲಾಟು, ಎಲ್ಲ ಜಿಗುಟಾದ ಕಪ್ಪು ಎರಿ ಮಣ್ಣು. ಎರಡು ಹನಿ ಮಳೆ ಬಿದ್ದರೆ ಸಾಕು, ಚಪ್ಪಲಿ ಕಾಲಿನಲ್ಲಿರುವುದಕ್ಕಿಂತ ಕೈಯಲ್ಲಿರುವುದೇ ಹೆಚ್ಚು. ನನ್ನ ಮಗಳು ವಿದ್ಯಾಳನ್ನು ನೋಡಲು ಮೊದಲ ಸಲ ಬಂದ ವರನ ಕಡೆಯವರು ಶಿವಪ್ಪನ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು, ಕೆಸರು ನೋಡಿದರು, ಹುಡುಗಿಯ ಫೋಟೋ ಮೊಬೈಲಿಗೆ ಕಳಿಸಿಬಿಡಿ ಎಂದು ಹೇಳಿ ಅಲ್ಲಿಂದಲೇ ಕಾರು ತಿರುಗಿಸಿದರು. ಶಾರದಾ ಮಾಡಿಟ್ಟ ಅವಲಕ್ಕಿ ಶಿರಾಗಳನ್ನು ನಾವು ಮೂವರೇ ಕುಳಿತು ತಿಂದೆವು. ಆ ದಿನದಿಂದ ನಾನು ರಸ್ತೆಯ ಬೆನ್ನು ಹತ್ತಿದೆ. ಅರ್ಜಿ ಬರೆದೆ, ಮನೆಮನೆಗೆ ಹೋಗಿ ಸಹಿ ಹಾಕಿಸಿದೆ, ಕೆಸರಿನಲ್ಲಿ ಹೂತ ಗಾಡಿಗಳ ಚಿತ್ರ ಬಿಡಿಸಿ ಅರ್ಜಿಗೆ ಅಂಟಿಸಿದೆ. ಕಡೆಗೊಂದು ದಿನ ಡಾಂಬರು ಬಂತು. ಆ ಇಡೀ ದಿನ ನಾನು ಕೊಡೆ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ರೋಲರಿನ ಚಾಲಕ ನನ್ನನ್ನು ಕಂತ್ರಾಟದಾರನೆಂದು ತಿಳಿದು ಎರಡು ಸಲ ಚಹಾಕ್ಕೆ ಕೇಳಿದ. ನಾನು ಸಂತೋಷದಿಂದಲೇ ಕುಡಿಸಿದೆ.

ಇನ್ನು ಸುಖವಾಗಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಮದುವೆಗಳ ಸುಗ್ಗಿ ಬಂತು. ಮದುವೆಯೆಂದರೆ ಹಂದರಗಂಬ. ಈಗ ಅಕ್ಷತೆ ಬೀಳುವುದು ಮಂಗಲ ಕಾರ್ಯಾಲಯದಲ್ಲಿ, ಊಟ ಟೇಬಲ್ಲಿನ ಮೇಲೆ, ಆಮಂತ್ರಣ ಮೊಬೈಲಿನಲ್ಲಿ. ಆದರೆ ಹಂದರಗಂಬ ಮಾತ್ರ ಮನೆಯ ಮುಂದಿನ ನೆಲದಲ್ಲೇ ನಿಲ್ಲಬೇಕು. ತಗ್ಗು ತೋಡಿ, ಅದರೊಳಗೆ ಹಾಲು ತುಪ್ಪ ಹಾಕಿ, ಐದು ಮಂದಿ ಮುತ್ತೈದೆಯರು ಅರಿಷಿಣ ಕುಂಕುಮ ಹಚ್ಚಿ ಕಂಬ ನಿಲ್ಲಿಸಿದ ಮೇಲೆಯೇ ಮನೆಗೆ ಮದುವೆಯ ಕಳೆ. ಚೆಂದದ ಪದ್ಧತಿ, ನಾನು ಬೇಡವೆನ್ನುವುದಿಲ್ಲ. ಆದರೆ ನೆಲ ಎಲ್ಲಿದೆ? ಇಡೀ ಓಣಿಯಲ್ಲಿ ಯಾರ ಮನೆಯ ಮುಂದೆಯೂ ಒಂದು ಗೇಣು ಮಣ್ಣಿಲ್ಲ. ಬಾಗಿಲು ದಾಟಿದರೆ ನೀರಿನ ಸಂಪು, ಸಂಪಿನ ಮೇಲೆ ಹಾಸಿದ ಪರಸಿ ಕಲ್ಲು, ಪರಸಿ ಮುಗಿದಲ್ಲಿ ಗೇಟು, ಗೇಟಿನಾಚೆ ಗಟಾರ, ಗಟಾರದ ಮೇಲೆ ಗಾಡಿ ಹತ್ತಿಸಲು ಸಿಮೆಂಟಿನ ಇಳಿಜಾರು, ಅದು ಮುಗಿದಲ್ಲಿ ರಸ್ತೆ. ಹಾಗಾಗಿ ಮೂರನೇ ಮನೆಯವರು ಹಾರೆ ತಂದು ನನ್ನ ಹೊಸ ಡಾಂಬರಿಗೇ ಹಾಕಿದರು. ಅವರನ್ನು ನೋಡಿ ಒಂಬತ್ತನೇ ಮನೆಯವರು ಹಾಕಿದರು. ಮದುವೆ ಮುಗಿದ ಮೇಲೆ ಕಂಬ ಹೋಗುತ್ತದೆ, ತಗ್ಗು ಉಳಿಯುತ್ತದೆ. ತಗ್ಗಿಗೆ ನೀರಿಳಿದು ಕೆಳಗಿನ ಎರಿ ಮಣ್ಣು ಉಬ್ಬುತ್ತದೆ, ಮೇಲಿನ ಡಾಂಬರು ಚಪಾತಿಯ ಹಾಗೆ ಏಳುತ್ತದೆ. ಗಂಡಹೆಂಡತಿ ಕೂಡಿ ಬಾಳುತ್ತಾರೆ, ಸ್ಕೂಟರಿನ ಮೇಲೆ ಬಂದವರು ಬೀಳುತ್ತಾರೆ. ಕೇಳಿದರೆ ಇಬ್ಬರದೂ ಒಂದೇ ಮಾತು: "ನಾಳೆ ಮುಚ್ಚತೇವ್ರಿ ಮಾಸ್ತರ." ಅವರ ಸೊಸೆಯಂದಿರು ಮೊದಲ ಹಬ್ಬಕ್ಕೆ ತವರಿಗೆ ಹೋಗಿ ಬಂದರೂ ಆ ನಾಳೆ ಬರಲಿಲ್ಲ. ಎರಡೂ ತಗ್ಗುಗಳನ್ನು ನಾನೇ ಸಿಮೆಂಟು ಕಲಸಿ ಮುಚ್ಚಿದೆ.

ಆಮೇಲೆ ನಮ್ಮ ಎದುರು ಮನೆಯ ನೀಲಕ್ಕನ ದೊಡ್ಡ ಮಗಳ ಮದುವೆ ಬಂತು. ನೀಲಕ್ಕ ಓಣಿಯ ಹೆಣ್ಣುಮಕ್ಕಳಿಗೆಲ್ಲ ಜಂಪರ್ ಹೊಲಿದುಕೊಡುವಾಕೆ. ಗಂಡ ಬಸಣ್ಣ ಹಾಲಿನ ಗಾಡಿ ಓಡಿಸುತ್ತಾನೆ, ಮಾತು ಬಹಳ ಕಡಿಮೆ. ಅವನು ಹಾರೆ ಹಿಡಿದು ರಸ್ತೆಗಿಳಿದದ್ದನ್ನು ಕಿಟಕಿಯಿಂದ ಕಂಡವನೇ ನಾನು ಬನಿಯನ್ನಿನಲ್ಲೇ ಓಡಿಹೋದೆ.

"ನೀಲಕ್ಕ, ಇದು ರಸ್ತೆ, ನಿಮ್ಮ ಹಿತ್ತಲಲ್ಲ" ಎಂದೆ.

"ಒಂದ ಗೇಣು ತಗ್ಗು ರೀ ಮಾಸ್ತರ. ಲಗ್ನಾ ಆದ ಕೂಡ್ಲೆ ನಾನ ಮುಚ್ಚಿ ಕೊಡತೇನಿ."

"ಹಂಗಂದವರು ಯಾರೂ ಮುಚ್ಚಿಲ್ಲ."

"ನಾ ಮುಚ್ಚತೇನ್ರಿ. ನನ್ನ ಮಾತಿನ ಮ್ಯಾಲ ನಂಬಿಗಿ ಇಲ್ಲೇನ್ರಿ?"

ನನಗೆ ನಂಬಿಕೆ ಇತ್ತೋ ಇಲ್ಲವೋ, ಸಿಟ್ಟಂತೂ ಇತ್ತು. ನೆಟ್ಟಗೆ ಅಂಗಡಿಗೆ ಹೋಗಿ ಕೆಂಪು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ತುಂಬ ಬರೆದೆ: 'ರಸ್ತೆ ಅಗೆಯುವವರು ಓಣಿಯ ವೈರಿಗಳು. ಇನ್ನು ಮೇಲೆ ಒಂದೂ ಹೊಸ ತಗ್ಗು ತೋಡಕೂಡದು.' ಇಡೀ ಓಣಿ ಬಂದು ಓದಿತು. ಬೀಗರು ಬರುವ ಹೊತ್ತಿಗೆ ಹೆಸರು ಹಲಗೆಯ ಮೇಲೆ ಬಂದೀತೆಂದು ನೀಲಕ್ಕ ಹೆದರಿದಳೋ ಏನೋ, ಬಸಣ್ಣ ಹಾರೆಯನ್ನು ಒಳಗಿಟ್ಟ. ಖಾಲಿ ಎಣ್ಣೆಯ ಡಬ್ಬಿಗೆ ಮಣ್ಣು ಕಲ್ಲು ತುಂಬಿ, ಇಳಿಜಾರಿನ ಮೇಲಿಟ್ಟು, ಅದರಲ್ಲಿ ಕಂಬ ನಿಲ್ಲಿಸಿದರು. ಪೂಜೆಯ ನಡುವೆ ಗಾಳಿ ಬೀಸಿ ಡಬ್ಬಿ ವಾಲಿತು. ಬಸಣ್ಣ ಹೊಸ ಧೋತರ ಉಟ್ಟು, ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ, ಪೂಜೆ ಮುಗಿಯುವವರೆಗೂ ಒಂದು ಕೈಯಲ್ಲಿ ಕಂಬ ಹಿಡಿದುಕೊಂಡೇ ನಿಂತ. ನಾನು ಅವರ ಮನೆಯಲ್ಲಿ ಎರಡು ಹೋಳಿಗೆ ಉಂಡು, ಹೊರಬಂದು, ಡಾಂಬರಿನ ಮೇಲೆ ಒಂದು ಗೆರೆಯೂ ಇಲ್ಲದ್ದನ್ನು ನೋಡಿ, ಬಹಳ ಸಮಾಧಾನದಿಂದ ಮನೆಗೆ ಬಂದೆ. ಅದನ್ನು ಈಗ ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಆಗ ಆಗಲಿಲ್ಲ.

ಒಂದು ವರ್ಷ ಓಣಿಯಲ್ಲಿ ಹಾರೆಯ ಸದ್ದು ಕೇಳಲಿಲ್ಲ. ಹೊಸ ರಸ್ತೆಯ ಮೇಲೆ ಸವದತ್ತಿಯಿಂದ ಒಂದು ಕಾರು ಸೀದಾ ನಮ್ಮ ಗೇಟಿನವರೆಗೂ ಬಂತು, ಅದರಲ್ಲಿದ್ದವರು ಅವಲಕ್ಕಿ ತಿಂದರು, ವಿದ್ಯಾಳನ್ನು ಒಪ್ಪಿದರು. ಮದುವೆಗೆ ಎಂಟು ದಿನ ಮೊದಲು ಮುನವಳ್ಳಿಯಿಂದ ನನ್ನ ಅಕ್ಕ ಬಂದಿಳಿದಳು. ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಏನು ಆಗಬೇಕು, ಏನು ಆಗಬಾರದು ಎಂಬುದೆಲ್ಲ ಅವಳ ಬಾಯಲ್ಲೇ ಇದೆ. ಚೀಲ ಕೆಳಗಿಡುವ ಮೊದಲೇ ಗೇಟಿನ ಹತ್ತಿರ ನಿಂತು ಆಚೆ ಈಚೆ ನೋಡಿದಳು.

"ಹಂದರಗಂಬ ಎಲ್ಲಿ ನಿಲ್ಲಸ್ತೀಯೋ?"

"ಅಕ್ಕ, ಅದಕ್ಕೊಂದು ಡಬ್ಬಿ ತರಿಸೇನಿ. ಮಣ್ಣು ತುಂಬಿ—"

"ಡಬ್ಬಿಯೊಳಗ ನಿಲ್ಲಸಾಕ ಅದೇನು ಗುಲಾಬಿ ಗಿಡ ಏನು?"

"ಹಿತ್ತಲದಾಗ ಮಣ್ಣೈತಿ."

"ಬಟ್ಟಿ ಒಗಿಯೂ ಜಾಗಾದಾಗ ಹಂದರ ಹಾಕಿದ್ದು ಎಲ್ಲೆರೆ ಕೇಳೀಯೇನು? ನಿನ್ನ ಲಗ್ನದಾಗ ಅಪ್ಪ ಮೊಣಕಾಲುದ್ದ ತಗ್ಗು ತೋಡಿಸಿದ್ದ. ಇರಾಕಿ ಒಬ್ಬಾಕಿ ಮಗಳು. ಆಕೀದು ಡಬ್ಬ್ಯಾಗ?"

ಸಂಪಿನ ಮೇಲಿನ ಪರಸಿ ಕೀಳೋಣವೆಂದರೆ ಅದರ ಕೆಳಗೆ ನೀರು. ನಾನು ಶಾರದಾಳ ಮುಖ ನೋಡಿದೆ. ಅವಳು ನನ್ನ ರಸ್ತೆಯ ವಿಷಯದಲ್ಲಿ ಎಂದೂ ತಲೆ ಹಾಕಿದವಳಲ್ಲ. ಆ ದಿನ ಮಾತ್ರ ಅವಳ ಕಣ್ಣಲ್ಲಿ ನೀರಿತ್ತು. "ರಸ್ತಾದ ಸಲುವಾಗಿ ಅಲ್ಲೇನ್ರಿ ಒಂದು ಸಂಬಂಧ ತಪ್ಪಿದ್ದು? ಈಗ ಅದ ರಸ್ತಾದ ಸಲುವಾಗಿ ಈ ಲಗ್ನಕ್ಕೂ ಒಂದು ಕೊರತಿ ಮಾಡತೀರೇನು?" ಎಂದಳು. ಇಬ್ಬರು ಹೆಂಗಸರು ಒಂದು ಕಡೆ, ಒಂದು ಡಬ್ಬಿ ಇನ್ನೊಂದು ಕಡೆ. ನಾನು ಡಬ್ಬಿಯ ಪರವಾಗಿ ಎಷ್ಟು ಹೊತ್ತು ವಾದಿಸಲಿ?

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಓಣಿಯೆಲ್ಲ ಬಾಗಿಲಲ್ಲಿರುವ ಹೊತ್ತಿಗೆ, ನಾನು ಹಾರೆ ಹಿಡಿದು ರಸ್ತೆಗಿಳಿದೆ. ಯಾರಾದರೂ ಓಡಿಬಂದು ತಡೆಯಲಿ, ನಾಲ್ಕು ಮಾತು ಬೈಯಲಿ ಎಂದು ಮನಸ್ಸಿನೊಳಗೆ ಆಸೆಯಿತ್ತು. ಹಾಗಾದರೆ ಅಕ್ಕನಿಗೆ ಅವರನ್ನು ತೋರಿಸಿ ಡಬ್ಬಿಗೇ ಹೋಗಬಹುದಿತ್ತು. ಡ್ರಾಯಿಂಗ್ ಮಾಸ್ತರನ ಕೈ, ಹಾರೆ ಹಾಕಿದಲ್ಲಿ ಡಾಂಬರು ಏಳದೆ ಕಿಡಿ ಎದ್ದಿತು. ಎದುರು ಮನೆಯಿಂದ ಬಸಣ್ಣ ಬಂದ. ಬೈಯುತ್ತಾನೆ ಎಂದು ಕಣ್ಣು ಮುಚ್ಚಿ ನಿಂತೆ. "ಸರೀರಿ ಮಾಸ್ತರ, ಕಾಲ ಮ್ಯಾಲ ಹಾಕ್ಕೊಂಡೀರಿ" ಎಂದು ನನ್ನ ಕೈಯಿಂದ ಹಾರೆ ಕಸಿದುಕೊಂಡು ಹತ್ತೇ ನಿಮಿಷದಲ್ಲಿ ಮೊಣಕಾಲುದ್ದ ತಗ್ಗು ತೋಡಿಕೊಟ್ಟ. ನೀಲಕ್ಕ ಐದು ಮಂದಿ ಮುತ್ತೈದೆಯರಲ್ಲಿ ಒಬ್ಬಳಾಗಿ ಬಂದು ಕಂಬಕ್ಕೆ ಕುಂಕುಮ ಹಚ್ಚಿದಳು. ಕಂಬ ಅಲುಗದೆ ನಿಂತಿತು. ವಿದ್ಯಾ ನಗುತ್ತಿದ್ದಳು.

ಮದುವೆ ಚೆನ್ನಾಗಿಯೇ ಆಯಿತು. ಹದಿನೈದು ದಿನ ನಾನು ಹಲಗೆಯ ಕಡೆ ಹೋಗಲಿಲ್ಲ. ವಾರ್ತೆ ಬರೆದರೆ ನನ್ನ ತಗ್ಗೇ ಮೊದಲ ವಾರ್ತೆಯಾಗಬೇಕು, ಓಣಿಯ ವೈರಿಯ ಹೆಸರು ಬರೆದು ಕೆಳಗೆ ಅದೇ ವೈರಿ ಸಹಿ ಹಾಕಬೇಕು. ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. ಹೋಗುತ್ತ ಬರುತ್ತ ಎಲ್ಲರೂ ತಗ್ಗನ್ನು ಸುತ್ತುಹಾಕಿ, ಮಗಳು ಹೇಗಿದ್ದಾಳೆ ಎಂದು ವಿಚಾರಿಸಿ ಮುಂದೆ ಹೋದರು. ಇದರಿಂದ ನನಗೆ ಮತ್ತೆ ಸಿಟ್ಟು ಬಂತು. ಎಂಥ ಜನ ಇವರು, ತಪ್ಪು ಮಾಡಿದವನನ್ನು ಮನೆಯ ಮುಂದೆ ನಿಂತು ಕೇಳುವ ಧೈರ್ಯ ಒಬ್ಬರಿಗಾದರೂ ಬೇಡವೇ? ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಬುಟ್ಟಿಯಲ್ಲಿ ಸಿಮೆಂಟು ಉಸುಕು ಕಲಸಿಕೊಂಡು, ಕರಣಿ ಹಿಡಿದು, ತಗ್ಗಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಶಿವಪ್ಪ ದುಡ್ಡಿನ ಗಲ್ಲೆ ಬಿಟ್ಟು ಅಂಗಡಿಯಿಂದ ಓಡಿಬಂದ.

"ಮಾಸ್ತರ, ಮುಚ್ಚಬ್ಯಾಡ್ರಿ, ಮುಚ್ಚಬ್ಯಾಡ್ರಿ. ಬರೂ ತಿಂಗಳ ನಮ್ಮ ಹುಡುಗಂದು ಲಗ್ನ ಐತಿ."

"ಅದಕ್ಕೂ ಇದಕ್ಕೂ ಏನು?"

"ಹೊಸಾ ತಗ್ಗು ತೋಡಬಾರದು ಅಂತ ನೀವ ಬರದೀರಲ್ರಿ. ನಾವು ತೋಡೂದಿಲ್ಲ. ಕಂಬ ಇಲ್ಲೇ ನಿಲ್ಲಸ್ತೇವಿ."

"ನಮ್ಮ ಮನಿ ಮುಂದ ನಿಮ್ಮ ಹಂದರಗಂಬ?"

"ಓಣಿ ಮಂದಿ ಎಲ್ಲಾ ಮಾತಾಡಿ ಬಿಟ್ಟೇವ್ರಿ. ಇನ್ನ ಮ್ಯಾಲ ಎಲ್ಲಾರ ಮನೀದೂ ಇಲ್ಲೇ. ಹನ್ನೊಂದನೇ ಮನಿಯವರು ಮಾಘದಾಗ ಮುಹೂರ್ತ ಹಿಡದಾರ."

ಎದುರು ಗೇಟಿನಲ್ಲಿ ನೀಲಕ್ಕ ಹೊಲಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ಹಾಲು ತುಪ್ಪ ಬಿದ್ದ ತಗ್ಗು ರೀ ಮಾಸ್ತರ, ಮುಚ್ಚಬಾರದು" ಎಂದಳು. ಆಮೇಲೆ ಸಹಜವಾಗಿಯೇ ಹೇಳಿದಳು: "ನಮ್ಮ ಸಣ್ಣಾಕೀದು ಬರೂ ವರ್ಷ ಮಾಡಬೇಕಂತ ಐತಿ. ಈ ಸಲ ನಮ್ಮ ಮನಿಯವರು ಕಂಬ ಹಿಡಕೊಂಡು ನಿಂದ್ರೂದಾದ್ರೂ ತಪ್ಪತೈತಿ."

ನಾನು ಕಲಸಿದ ಸಿಮೆಂಟನ್ನು ಏನು ಮಾಡುವುದೆಂದು ತಿಳಿಯದೆ ನಮ್ಮದೇ ಗೇಟಿನ ಮೆಟ್ಟಿಲಿಗೆ ಮೆತ್ತಿದೆ. ಶಿವಪ್ಪ ಸೀಮೆಸುಣ್ಣ ತಂದು ಕೈಗಿಟ್ಟು, "ಹಲಗಿ ಮ್ಯಾಲ ಒಂದ ಸಾಲು ಬರದ ಬಿಡ್ರಿ, ಟಾಕಿ ಕಡಿ ಮಂದೀಗೂ ತಿಳೀಲಿ" ಎಂದ. ಕೈ ತೊಳೆದುಕೊಂಡು ಹೋಗಿ, ಹದಿನೈದು ದಿನದ ಧೂಳು ಒರೆಸಿ, ನನಗೆ ಬರುವ ಅತ್ಯಂತ ದುಂಡಗಿನ ಅಕ್ಷರಗಳಲ್ಲಿ ಬರೆದೆ: 'ಡ್ರಾಯಿಂಗ್ ಮಾಸ್ತರ ಮನೆಯ ಮುಂದೆ, ರಸ್ತೆಯ ನಡುವೆ ಇರುವ ತಗ್ಗನ್ನು ಯಾರೂ ಮುಚ್ಚಕೂಡದು. ಮುಚ್ಚಿದವರನ್ನು ಓಣಿಯ ವೈರಿಗಳೆಂದು ತಿಳಿಯಲಾಗುವುದು.' ಕೆಳಗೆ ಸಹಿ ಹಾಕಿದೆ.