ಟವೆಲ್ಲಿನ ಕೆಳಗಿನ ಕಾರು

ಕರೆಂಟಿನ ಕಾರಿನ ಬೆಲೆ, ಪೇಟೆಯ ಮಾತಿನಲ್ಲಿ ಭಾವ, ಬೀಳುವ ತನಕ ಅದರೊಳಗೆ ಕಾಲಿಡುವುದಿಲ್ಲವೆಂದು ನಿಲಂಗಾದ ರೇವಣಪ್ಪ ಶೇಠರು ಶಪಥ ಮಾಡಿದರು. ಮನೆಯಲ್ಲಿ ಮಾಡಿದ್ದರೆ ಸದ್ದಿಲ್ಲದೆ ಮುರಿಯಬಹುದಿತ್ತು. ಶೇಠರು ಮಾಡಿದ್ದು ಮೊಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯ ನಟ್ಟನಡುವೆ, ತೊಗರಿ ಚೀಲಗಳ ಸಿಂಹಾಸನದ ಮೇಲೆ ಕುಳಿತು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಗಡಿಯೂರು ಔರಾದ ಶಹಾಜನಿ ಮುಟ್ಟಿ, ಚಹಾ ಕುಡಿದು ವಾಪಸ್ ಬರುತ್ತದೆ.

ಶೇಠರ ಸಿದ್ಧಾಂತ ಬಹಳ ಗಟ್ಟಿಯಾಗಿತ್ತು. ಕಾರಿನಲ್ಲಿ ಬ್ಯಾಟರಿಯೇ ಕಾಳು, ಉಳಿದದ್ದೆಲ್ಲ ಹೊಟ್ಟು. ಕಂಪನಿಗಳು ವರ್ಷವರ್ಷವೂ ಹೊಸ ಮಾಲು ಇಳಿಸುತ್ತಿವೆ. ಮಾಲು ಹೆಚ್ಚಾಯಿತೆಂದರೆ ಕಾಳಿನ ಭಾವ ಬೀಳಲೇಬೇಕು. ಕಾಳಿನದು ಬಿದ್ದ ಮೇಲೆ ಹೊಟ್ಟಿನದೇನು ಆಕಾಶಕ್ಕೆ ಹಾರುತ್ತದೆಯೇ? ಕಾರು ಕೊಳ್ಳಬೇಕೆಂದಿದ್ದ ಅರ್ಧ ಮೊಂಢಾ ಈ ಮಾತು ಕೇಳಿ ಕೈಕಟ್ಟಿ ಕುಳಿತಿತ್ತು. ಪಕ್ಕದ ಎಣ್ಣೆ ಅಂಗಡಿಯ ಸಿದ್ಧೇಶ್ವರನಂತೂ ಬೆಳಗಾದರೆ ಬಂದು, "ಅಣ್ಣಾ, ಇವತ್ತ ಬಿತ್ತೇನು?" ಎಂದು ಕೇಳಿ ಹೋಗುತ್ತಿದ್ದ.

ಮನೆಯಲ್ಲಿ ಮಾತ್ರ ಸಿದ್ಧಾಂತಕ್ಕೆ ಗಿರಾಕಿ ಇರಲಿಲ್ಲ. ಹೆಂಡತಿ ಕಾಂತಾಬಾಯಿಯ ತವರು ಗುಂಜೋಟಿ. ಬಸ್ಸಿನಲ್ಲಿ ಹೋಗಿ ಬಂದರೆ ಆಕೆಯ ಮೊಳಕಾಲು ಮೂರು ದಿನ ಮಾತು ಕೇಳುತ್ತಿರಲಿಲ್ಲ. ಈಗ ಅಣ್ಣನ ಮಗಳು ದೀಪಾಲಿಯ ಲಗ್ನ ಗೊತ್ತಾಗಿತ್ತು. ಸ್ವಂತ ಕಾರಿನಿಂದ ತವರಿನ ಅಂಗಳದಲ್ಲಿ ಇಳಿಯಬೇಕೆಂಬುದು ಆಕೆಯ ಬಹುಕಾಲದ ಆಸೆ. ಮಗಳು ಮಯೂರಿ ಲೈಸೆನ್ಸ್ ತೆಗೆದಿಟ್ಟುಕೊಂಡು ಕಾರಿನ ದಾರಿ ಕಾಯುತ್ತಿದ್ದಳು.

"ಏರ್ತದ ಅಂತ ಸೋಯಾಬೀನ ಇಟ್ರಿ, ಇಳೀತು. ಇಳೀತದ ಅಂತ ಕಾರ ಬಿಟ್ಟೀರಿ," ಎಂದಳು ಕಾಂತಾಬಾಯಿ. "ಭಾವ ಬೀಳೂತನಕಾ ಕುಂತ್ರ ನನ್ನ ಹಲ್ಲೂ ಬಿದ್ದಿರ್ತಾವ ನೋಡ್ರಿ."

ಸೋಯಾಬೀನಿನ ಹೆಸರು ಬಂದರೆ ಶೇಠರು ಚಪ್ಪಲಿ ಹುಡುಕುವರು. ಭಾವ ತಾನಾಗಿ ಬೀಳದಿದ್ದರೆ ತಾವೇ ಬೀಳಿಸುತ್ತೇವೆಂದು ಹೆಗಲಿಗೆ ಟವೆಲ್ ಹಾಕಿಕೊಂಡು ಉದಗೀರಿನ ಶೋರೂಮಿಗೆ ಹೊರಟರು.

ಟವೆಲ್ ಏಕೆಂದು ಕೇಳಬೇಡಿ; ಕೇಳಿದರೆ ಹೇಳಲೇಬೇಕಾಗುತ್ತದೆ. ಮೊಂಢಾದಲ್ಲಿ ಈಗ ಭಾವ ಮೊಬೈಲಿನಲ್ಲಿ ಬರುತ್ತದೆ, ಗೋಡೆಯ ಪರದೆಯ ಮೇಲೂ ಓಡುತ್ತದೆ. ಆದರೆ ಹಳೇ ಹುಲಿಗಳ ಪಾಲಿಗೆ ಬಾಯಲ್ಲಿ ಹೇಳುವ ಭಾವ ಊರಿಗೆ, ಖರೇ ಭಾವ ಟವೆಲ್ಲಿನ ಕೆಳಗೆ. ಇಬ್ಬರೂ ಕೈ ಚಾಚಬೇಕು, ಮೇಲೆ ಟವೆಲ್ ಮುಚ್ಚಬೇಕು, ಒಳಗೆ ಬೆರಳು ಹಿಡಿಯಬೇಕು. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಪೂರಾ ಪಂಜಾ ಹಿಡಿದರೆ ಐದು; ಅದಕ್ಕೂ ಮೇಲಾದರೆ ಪಂಜಾದ ಹಿಂದೆಯೇ ಉಳಿದಷ್ಟು ಬೆರಳು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಆ ಮುಖಗಳೋ, ಸಾವಿನ ಮನೆಗೆ ಬಂದವರಂತೆ ಇರಬೇಕು.

ಶೋರೂಮಿನಲ್ಲಿ ಕಾರು ಮಾರುವ ಓಂಪ್ರಕಾಶ ಪುಣೆಯ ಕಡೆಯವನು. ಬಾಯಲ್ಲಿ ಸಕ್ಕರೆ, ಕೊರಳಲ್ಲಿ ಟೈ. ಶೇಠರು ಮೊದಲು ಮಾಲು ಪರೀಕ್ಷಿಸಿದರು. ಬಾಗಿಲು ಬಡಿದು ನೋಡಿದರು, ಸೀಟು ಒತ್ತಿ ನೋಡಿದರು, ಬ್ಯಾಟರಿಯ ನಮೂನೆ ಒಂದು ಹಿಡಿ ತೋರಿಸೆಂದರು. ಅದು ಸೀಟಿನ ಕೆಳಗಿದೆ, ತೆಗೆಯಲು ಬರುವುದಿಲ್ಲವೆಂದು ಅವನು ಮರಾಠಿಯಲ್ಲಿ ಮೆಲ್ಲಗೆ ತಿಳಿಸಿದ. ಕಾರಿಗೆ ಒಂಬತ್ತು ಲಕ್ಷ, ಒಂದೇ ಭಾವ ಎಂದೂ ಹೇಳಿದ.

ಬಾಯಿಂದ ಬಂದ ಭಾವ! ಶೇಠರು ಒಳಗೇ ನಕ್ಕರು. ಅವನ ಕೈ ಎಳೆದು, ಟವೆಲ್ ಮುಚ್ಚಿ, ಮುಖ ಸಪ್ಪಗೆ ಮಾಡಿ ಒಂದು ಬೆರಳು ಹಿಡಿದರು. ಒಂದು ಲಕ್ಷ ಬಿಡು ಎಂದು ಅರ್ಥ.

ಓಂಪ್ರಕಾಶನಿಗೆ ಇದು ಗಡಿನಾಡಿನ ಗೌರವದ ಪದ್ಧತಿ ಇರಬೇಕೆನಿಸಿತು. ದೊಡ್ಡವರ ಪ್ರೀತಿಗೆ ಮನಕರಗಿ, ಟವೆಲ್ಲಿನೊಳಗೇ ಅವರ ಪೂರಾ ಕೈ ಹಿಡಿದು ಕುಲುಕಿದ. "ಅಭಿನಂದನ, ಶೇಠಜಿ!"

ಪೂರಾ ಪಂಜಾ! ಐದು! ಶೇಠರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂಬತ್ತರಲ್ಲಿ ಐದು ಹೋದರೆ ನಾಲ್ಕು. ಕೇಳಿದ್ದಕ್ಕಿಂತ ಹೆಚ್ಚು ಬಿಡುವವನ ಮುಂದೆ ಬಾಯಿ ತೆರೆಯಬಾರದು, ಅವನಿಗೆ ಎಚ್ಚರವಾದೀತು. ಮುಂಗಡ ಕೊಟ್ಟು, ಕಳುವು ಮಾಡಿದವರಂತೆ ಬಸ್ ಹತ್ತಿದರು.

ಕಾಂತಾಬಾಯಿ ಎಲ್ಲ ಕೇಳಿ, ಒಂದು ಕೇಳಿದವರಿಗೆ ಐದು ಬಿಡುವವನಿಗೆ ಕಂಪನಿ ಪಗಾರ ಏಕೆ ಕೊಡುತ್ತದೆ ಎಂದಷ್ಟೇ ವಿಚಾರಿಸಿದಳು. ಅಷ್ಟರಲ್ಲಿ ಶೇಠರು ಮೊಂಢಾ ಮುಟ್ಟಿದ್ದರು. ಗುಟ್ಟೆಂದು ಸಿದ್ಧೇಶ್ವರನ ಕಿವಿಯಲ್ಲಿ ಹೇಳಿದರು. ಮರುದಿನದಿಂದ ಉದಗೀರಿನ ಶೋರೂಮಿಗೆ ಹೆಗಲ ಮೇಲೆ ಟವೆಲ್ ಹೊತ್ತವರ ಸಾಲು ಹತ್ತಿತು. ಓಂಪ್ರಕಾಶ ಜಾಣ, ಒಂದು ಕಟ್ಟು ಹೊಸ ಬಿಳಿ ಟವೆಲ್ ತರಿಸಿಟ್ಟುಕೊಂಡು ಬಂದವರ ಕೈಮೇಲೆ ತಾನೇ ಹೊದಿಸಿ, ತಾನೇ ಕುಲುಕತೊಡಗಿದ. ಎಲ್ಲರಿಗೂ ಐದೇ! ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ಮುಂಗಡ ಕೊಟ್ಟು ಬಂದರು. ಮೊದಲ ಕಾರು ಶೇಠರದು. ಅದು ಬರುವ ದಿನ ಹಾರ ಹಾಕಲು ಮೊಂಢಾ ಸಜ್ಜಾಯಿತು.

ಆ ದಿನ ಕಾಂತಾಬಾಯಿ ರೇಷ್ಮೆ ಸೀರೆಯುಟ್ಟು, ತೆಂಗಿನಕಾಯಿ, ವಿಭೂತಿ ಹಿಡಿದು, ಗಂಡ-ಮಗಳೊಡನೆ ಉದಗೀರಿಗೆ ಬಂದಳು. ಬಿಲ್ಲು ಬಂತು. ಒಂಬತ್ತು.

ಶೇಠರು ಪಂಜಾದ ಮಾತೆತ್ತಿದರು. ತಾನು ಬರೀ ಕೈ ಕುಲುಕಿದ್ದೆಂದು ಓಂಪ್ರಕಾಶ ಆಣೆ ಮಾಡಿದ. ಮುಂದೆ ಭಾವ ಏರುವುದೋ ಇಳಿಯುವುದೋ ಕಂಪನಿಗೂ ಗೊತ್ತಿಲ್ಲ, ತನಗಂತೂ ಮೊದಲೇ ಇಲ್ಲ ಎಂದ. ಶೇಠರು ಟವೆಲ್ ಝಾಡಿಸಿ ಹೆಗಲಿಗೇರಿಸಿದರು.

"ನಡೀರಿ ಮನೀಗಿ. ಇನ್ನೊಂದ ವರ್ಷ ತಡೀರಿ, ಇದೇ ಕಾರ ಇಂವಾ ಮನೀ ಬಾಗಿಲಿಗಿ ತಂದು ಕೊಡ್ತಾನ."

ಕಾಂತಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ತವರಿನವರು ಆಕೆಗೆ ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಹೊಲವೊಂದಿತ್ತು. ಅದರ ತೊಗರಿಯನ್ನು ಆಕೆ ಭಾವ ಏರಲೆಂದು ಎಂದೂ ಇಟ್ಟವಳಲ್ಲ. ರಾಶಿಯಾದ ವಾರವೇ ಬಂದ ಭಾವಕ್ಕೆ ಮಾರಿ ಬ್ಯಾಂಕಿಗೆ ಹಾಕುವಳು. ಗಂಡ ವರ್ಷವೂ ನಗುತ್ತಿದ್ದರು. ಆಕೆ ಈಗ ಮಗಳಿಗೆ ಕಣ್ಸನ್ನೆ ಮಾಡಿದಳು. ಮಯೂರಿ ತಾಯಿಯ ಚೆಕ್ ಪುಸ್ತಕ ತೆಗೆದಳು.

ಕಾಯಿ ಒಡೆದದ್ದಾಯಿತು. ಶೇಠರು ಕೆಮ್ಮಿ, ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅಯ್ಯ, ಇದೇನ್ರೀ," ಎಂದಳು ಕಾಂತಾಬಾಯಿ. "ಭಾವ ಬೀಳೂತನಕಾ ಕಾಲಿಡಂಗಿಲ್ಲ ಅಂತ ಮೊಂಢಾದಾಗ ಅಂದೀರಿ. ನಿಮ್ಮ ಮಾತ ನಾ ಯಾಕ ಮುರೀಲಿ? ನೀವು ಬಸ್ಸಿಗಿ ಬರ್ರಿ. ಆ ಟವೆಲ್ ಕೊಡ್ರಿ ಇಲ್ಲಿ, ಕಾರಿನ ಕಾಚ ಒರಸಲಾಕ ಬೇಕು."

ಬಸ್ಸು ಧಡಧಡ ಎನ್ನುತ್ತ ಹೊರಟಿತು. ಕಾರು ಪಕ್ಕದಿಂದ ಮುಂದೆ ಹೋದದ್ದು ಶೇಠರಿಗೆ ಕೇಳಿಸಲೇ ಇಲ್ಲ. ಕರೆಂಟಿನದು, ಸದ್ದೇ ಇಲ್ಲ.

ನಿಲಂಗಾದ ಬಸ್ ಸ್ಟ್ಯಾಂಡಿನಿಂದ ಅವರು ನಡೆದು ಬರುವಷ್ಟರಲ್ಲಿ ತಮ್ಮ ಅಂಗಡಿಯ ಮುಂದೆ ಕಾರು ನಿಂತಿತ್ತು. ಸುತ್ತ ಮೊಂಢಾವೇ ನೆರೆದಿತ್ತು. ಕಾಂತಾಬಾಯಿ ಗಂಡನ ಟವೆಲ್ಲಿನಿಂದ ಕಾರಿನ ಗಾಜು ಒರೆಸುತ್ತಿದ್ದಳು. ಹಾರ ಹಿಡಿದ ಸಿದ್ಧೇಶ್ವರ ಓಡಿಬಂದು, ತನ್ನ ಟವೆಲ್ ಹಾಸಿ ಕೈ ಚಾಚಿದ.

"ಅಣ್ಣಾ, ಖರೇ ಹೇಳ್ರಿ. ಎಷ್ಟ ಬಿತ್ತು?"

ಮುಚ್ಚಿದ ಕೈಯಲ್ಲಿ ಸುಳ್ಳು ಹೇಳುವುದು ಮೊಂಢಾದಲ್ಲಿ ಮಹಾಪಾಪ. ಶೇಠರು ಕಣ್ಣು ಮುಚ್ಚಿ ಪೂರಾ ಪಂಜಾ ಹಿಡಿದರು.

ಸಿದ್ಧೇಶ್ವರ ಅಲ್ಲಿಗೇ ಕೈ ಕಿತ್ತುಕೊಂಡು ಜನರ ಕಡೆ ತಿರುಗಿ, "ಐದು!" ಎಂದು ಕೂಗಿ ಶೇಠರ ಕೊರಳಿಗೆ ಹಾರ ಹಾಕಿಬಿಟ್ಟ. ಮೊಂಢಾ ಚಪ್ಪಾಳೆ ತಟ್ಟಿತು.

ಕಾಂತಾಬಾಯಿ ಗಾಜಿನಿಂದ ಕೈ ತೆಗೆಯದೆ ಹೇಳಿದಳು:

"ತಡಿಯಪ್ಪಾ ಸಿದ್ಧೇಶ್ವರ, ಗಡಬಡಿ ಮಾಡಬ್ಯಾಡ. ಅವರು ಇನ್ನಾ ನಾಕ ಬೆರಳ ಹಿಡೀಬೇಕು."