ಭಾಮೈದನ ಸೊಂಟವನ್ನು ಇಪ್ಪತ್ತು ಜನಕ್ಕೆ ಹಂಚಿದ ಸರಾಸರಿಯವರಿಗೆ

ಮಾನ್ಯ ಸರಾಸರಿಯವರೇ,

ಎಲ್ಲರಿಂದಲೂ ಹುಟ್ಟಿ ಯಾರನ್ನೂ ಹೋಲದ ತಮ್ಮ ಸನ್ನಿಧಾನಕ್ಕೆ, ಕೊರಳಿಗೆ ಟೇಪು ಹಾಕಿಕೊಂಡೇ ಮೂವತ್ತು ವರ್ಷ ಕಳೆದ ಟೈಲರ್ ಒಬ್ಬನ ನಮಸ್ಕಾರಗಳು. ಐವತ್ತು ದಾಟಿದ ಮೇಲೆ ಅಂಚೆ ಮೂಲಕ ಮನಶ್ಶಾಸ್ತ್ರ ಓದಲು ಹೊರಟವನು ನಾನು. ಮನುಷ್ಯನ ಮನಸ್ಸು ನನಗೆ ಹೊಸದಲ್ಲ, ಅದು ನನ್ನ ಟ್ರಯಲ್ ರೂಮಿನಲ್ಲಿ ದಿನವೂ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಹೊಸಬರು ತಾವು ಮತ್ತು ತಮ್ಮ ಸಂಖ್ಯಾಶಾಸ್ತ್ರದ ಬಳಗ. ಈಗಾಗಲೇ ಎರಡು ಸಲ ನನ್ನನ್ನು ನಪಾಸು ಮಾಡಿದ ತಮ್ಮ ಎದುರು ಸೋಮವಾರದ ಮೌಖಿಕ ಪರೀಕ್ಷೆಯೇ ನನ್ನ ಕೊನೆಯ ಅವಕಾಶ.

ನನ್ನ ಸಂಶೋಧನೆ ಸರಳ: ಗಂಡಸರು ತಮ್ಮ ಸೊಂಟದ ಅಳತೆಯನ್ನು ನಿಜ ಹೇಳುತ್ತಾರೆಯೇ? ಇಪ್ಪತ್ತು ಗಿರಾಕಿಗಳನ್ನು ಮೊದಲು ಬಾಯಲ್ಲಿ ಕೇಳಿ, ಆಮೇಲೆ ಟೇಪು ಹಿಡಿದೆ. ಹತ್ತೊಂಬತ್ತು ಮಂದಿ, ಮಾತಾಡಿಕೊಂಡು ಬಂದವರಂತೆ, ಒಂದೊಂದು ಇಂಚು ಕಡಿಮೆ ಹೇಳಿದರು. ಇಪ್ಪತ್ತನೆಯವನು ನನ್ನ ಹೆಂಡತಿಯ ತಮ್ಮ. ಟೇಪು ಮೂವತ್ಮೂರು ಎಂದಿತು, ಆ ಮಹಾನುಭಾವ ಮಾತ್ರ, "ಭಾವಾ, ಸೊಂಟದ ವಿಷಯದಲ್ಲಿ ಜಿಪುಣತನ ಯಾಕೆ? ಐವತ್ತೆರಡು ಬರ್ಕೊಳ್ಳಿ!" ಎಂದ.

ಅವನ ಹತ್ತೊಂಬತ್ತು ಇಂಚಿನ ಔದಾರ್ಯವನ್ನು ಉಳಿದವರ ಹತ್ತೊಂಬತ್ತು ಕಳ್ಳ ಇಂಚುಗಳಿಗೆ ಸರಿದೂಗಿಸಿ, ತಾವು ಗಂಭೀರವಾಗಿ ಘೋಷಿಸಿದ ತೀರ್ಪು ಸೊನ್ನೆ. ಅಂದರೆ ಗಂಡಸರು ಸತ್ಯಸಂಧರು! ಇಂಥ ಕ್ಷಮಾಗುಣ ನಾನು ನ್ಯಾಯಾಲಯಗಳಲ್ಲೂ ಕಂಡಿಲ್ಲ. ಯಾರು ತಮ್ಮಿಂದ ಎಷ್ಟು ದೂರವೆಂದು ಲೆಕ್ಕವಿಡುವ ಸಹಾಯಕರಾದ ಪ್ರಮಾಣ ವಿಚಲನೆಯವರಂತೂ ಜನ ನಾಲ್ಕಿಂಚು ಚಿಲ್ಲರೆ ಅತ್ತಿತ್ತ ಚದುರಿದ್ದಾರೆ ಎಂದರು. ನಾಲ್ಕಿಂಚು ಚದುರಿದ ಒಬ್ಬನೇ ಒಬ್ಬ ಗಿರಾಕಿಯನ್ನು ಅವರು ಅಂಗಡಿಗೆ ಕರೆತಂದರೆ ಪ್ಯಾಂಟು ಪುಕ್ಕಟೆ ಹೊಲಿದುಕೊಡುತ್ತೇನೆ.

ಭಾಮೈದನನ್ನು ಪಟ್ಟಿಯಿಂದ ತೆಗೆಯೋಣವೆಂದರೆ, ಮಾರ್ಗದರ್ಶಕಿ ಮೇಡಂ "ಇಷ್ಟವಾಗಲಿಲ್ಲ ಅಂತ ಯಾರನ್ನೂ ಅಳಿಸೋ ಹಾಗಿಲ್ಲ" ಎಂದರು. ನನ್ನ ಹೆಂಡತಿ ಇನ್ನೂ ಸ್ಪಷ್ಟವಾಗಿ, "ನನ್ನ ತಮ್ಮನ್ನ ಲೆಕ್ಕದಿಂದ ತೆಗೀರಿ, ನಾನು ನಿಮ್ಮನ್ನ ಊಟದಿಂದ ತೆಗೀತೀನಿ" ಎಂದಳು.

ಆದಕಾರಣ ತಾವು ಸೋಮವಾರ ಒಂದು ದಿನ ರಜೆ ಹಾಕಬೇಕು, ಇಲ್ಲವೇ ಹಿಂದಿನ ದಿನಾಂಕ ಹಾಕಿ ನನ್ನ ಭಾಮೈದನನ್ನು ನಿಜವಾಗಿಯೂ ಐವತ್ತೆರಡು ಇಂಚಿಗೆ ಬೆಳೆಸಬೇಕೆಂದು ಸವಿನಯ ಪ್ರಾರ್ಥನೆ. ಎರಡೂ ಆಗದಿದ್ದರೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವನನ್ನಷ್ಟೇ ವಿಚಾರಿಸುವ ಮಧ್ಯಾಂಕದವರ ಬಾಗಿಲು ತಟ್ಟಬೇಕಾಗುತ್ತದೆ.

ಹೀಗೆ, ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಟೈಲರ್

ತಾ.ಕ.: ತಮ್ಮ ಉತ್ತರ ಬರಲಿಲ್ಲ, ಮಧ್ಯಾಂಕದವರು ಬಂದರು. "ನಡುವಿನ ಗಂಡಸು ಒಂದಿಂಚು ಸುಳ್ಳ" ಎಂದು ಅವರ ಪರವಾಗಿ ವಾದಿಸಿ ಪಾಸಾದೆ. ಸಹಿ ಹಾಕಿದ ಪರೀಕ್ಷಕರು ಹೋಗುವಾಗ ಒಂದು ಪ್ಯಾಂಟಿಗೆ ಅಳತೆಯನ್ನೂ ಕೊಟ್ಟರು. ಬಾಯಿಯ ಪ್ರಕಾರ ಮೂವತ್ತಾರು, ಟೇಪಿನ ಪ್ರಕಾರ ಮೂವತ್ತೇಳು. ಅವರನ್ನೂ ಪಟ್ಟಿಗೆ ಸೇರಿಸಿದ್ದೇನೆ. ಇನ್ನು ತಾವು ಸೊನ್ನೆಯ ಮೇಲೆ ಅಷ್ಟು ನೆಮ್ಮದಿಯಾಗಿ ಕೂರಲಾಗದು, ದಯವಿಟ್ಟು ಸ್ವಲ್ಪ ಕೆಳಗೆ ಸರಿಯಿರಿ.